ಇದು ಯಾರ ಜಾಗ, ಕೇಳು

ಅವರು ಕೂತದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಕಾಫಿ ಕುಡಿಯುವುದು ನಿಂತು, ಊಟ ಮಾಡುವುದು ಅಡುಗೆಮನೆಯ ಕಟ್ಟೆಗೆ ಒರಗಿ, ಸಹಿ ಹಾಕುವುದು ಜೀಪಿನ ಬಾನೆಟ್ ಮೇಲೆ. "ಕೂತ್ಕೊಳ್ಳಿ ಅಮ್ಮೋರೆ" ಎಂದರೆ, "ಕೂತ್ರೆ ಕಾಲಿಗೆ ಬೇರು ಬಿಡ್ತದೆ ಮಾರಾಯ, ನೀನು ಹೇಳು" ಎನ್ನುವರು. ಸೆರಗಿನ ತುದಿಗೆ ಕಟ್ಟಿಕೊಂಡ ಕೀಲಿಗೊಂಚಲು ಅವರಿಗಿಂತ ಮೊದಲು ಬರುತ್ತಿತ್ತು. ಕಳೆದ ತಿಂಗಳು ಅವರನ್ನು ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದಾಗ ಆ ಗೊಂಚಲನ್ನು ಯಾರೋ ಬಿಚ್ಚಿ ತೆಗೆದಿದ್ದರು. ಸದ್ದಿಲ್ಲದೆ ಮಲಗಿದ್ದ ಅವರು ಯಾರೋ ಬೇರೆಯವರ ಹಾಗೆ ಕಂಡರು.

ಅಮ್ಮೋರ ಕಾಫಿ ತೋಟ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿದೆ. ಗಂಡ ಬೇಗ ತೀರಿಕೊಂಡ ಮೇಲೆ ಒಬ್ಬರೇ ನಡೆಸಿದರು. ಮಕ್ಕಳಿರಲಿಲ್ಲ. ನಾನು ಅದೇ ತೋಟದ ಆಳುಗಳ ಲೈನ್ ಮನೆಯಲ್ಲಿ ಹುಟ್ಟಿದವನು; ಅಪ್ಪ ಅವ್ವ ಇಬ್ಬರೂ ಅಲ್ಲಿಯೇ ಆಳು. ನಮ್ಮ ಪೈಕಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರಜೆಯಲ್ಲೆಲ್ಲ ಕಾಫಿ ಕೊಯ್ದು, ಚಿಕ್ಕಮಗಳೂರಿನ ಹಾಸ್ಟೆಲ್ಲಿನಲ್ಲಿ ಇನ್ನೊಬ್ಬನ ಪುಸ್ತಕ ಓದಿ ಪಡೆದದ್ದು ಅದು. ತೊಂಬತ್ತರ ದಶಕದ ನಡುವಿನಲ್ಲಿ ಸರ್ಟಿಫಿಕೇಟು ಹಿಡಿದುಕೊಂಡು ಅಮ್ಮೋರ ಮುಂದೆ ನಿಂತೆ.

"ಎಂತ ಓದಿದ್ದು?"

"ಬಿ.ಕಾಂ."

"ಪಾಸಾ?"

"ಫಸ್ಟ್ ಕ್ಲಾಸ್, ಅಮ್ಮೋರೆ."

"ಹಂಗಾದ್ರೆ ನಾಳೆಯಿಂದ ರೈಟರ್. ಆಫೀಸಿಗೆ ಚಪ್ಪಲಿ ಬಿಟ್ಟು ಬರೋದು ಬೇಡ. ಹಾಕ್ಕೊಂಡೇ ಬಾ."

ತೋಟದ ಲೆಕ್ಕ, ಹಾಜರಿ ಬರೆಯುವವನಿಗೆ ನಮ್ಮಲ್ಲಿ ರೈಟರ್ ಅನ್ನುತ್ತಾರೆ. ಅವತ್ತಿನಿಂದ ನನ್ನ ಹೆಸರನ್ನು ಅವರು ಕೈಬಿಟ್ಟರು. "ಏ ಡಿಗ್ರಿ" ಅಂದೇ ಕರೆದರು. ಎಲ್ಲರೆದುರು ಹಾಗೆ ಕೂಗಿದಾಗ ಸಿಟ್ಟು ಬರುತ್ತಿತ್ತು. ಒಳಗೊಳಗೆ ಬೇರೆಯದೇ ಏನೋ ಆಗುತ್ತಿತ್ತು.

ಆಫೀಸಿಗೆ ಚಪ್ಪಲಿ ನಡೆಯುತ್ತಿತ್ತು, ಆದರೆ ಕಣಕ್ಕೆ ನಡೆಯುತ್ತಿರಲಿಲ್ಲ. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜವನ್ನು, ನಾವು ಪಾರ್ಚ್‌ಮೆಂಟ್ ಅನ್ನುವುದನ್ನು, ಒಣಹಾಕುವ ಕಾಂಕ್ರೀಟ್ ಅಂಗಳವೇ ಕಣ. ಅಲ್ಲಿ ಮಾತ್ರ ಅವರು ಬರಿಗಾಲು. ಯಾರೇ ಇರಲಿ, ಕಾಲು ತೊಳೆಯದೆ ಹತ್ತುವ ಹಾಗಿಲ್ಲ. ಪಕ್ಕದ ತೋಟದ ಯಜಮಾನರೊಬ್ಬರು ಬೂಟು ಹಾಕಿಕೊಂಡೇ ಕಾಲಿಟ್ಟಾಗ ಅವರನ್ನೂ ಇಳಿಸಿ, ತೊಟ್ಟಿಯ ಹತ್ತಿರ ಕಳಿಸಿ, ಕಾಲು ತೊಳೆಸಿದ್ದರು. "ಎಕ್ಸ್‌ಪೋರ್ಟ್ ಮಾಲು ಅದು! ಮಾನ ಇಲ್ವಾ ನಿಮ್ಗೆ!" ಈ ಮಾತು ಕೇಳದೆ ಆ ತೋಟದಲ್ಲಿ ಹೊತ್ತು ಮುಳುಗಿದ್ದಿಲ್ಲ.

ಆ ಕಣದ ಅಂಚಿನಲ್ಲಿ ಕೆಂಚಮ್ಮನ ಮನೆ. ಕೆಂಚಮ್ಮ ನಮ್ಮವ್ವನ ಜೊತೆ ದುಡಿದವಳು, ನಾನು ದೊಡ್ಡವ್ವ ಅಂತ ಕರೆಯುವವಳು. ಅಮ್ಮೋರ ಮಾವನವರು ಬಹಳ ಹಿಂದೆ ಅವಳ ಗಂಡನಿಗೆ ಮನೆ ಕಟ್ಟಿಕೊಳ್ಳಲು ತುಂಡು ಜಾಗ ಕೊಟ್ಟು, ಹೆಸರಿಗೂ ಮಾಡಿಸಿದ್ದರು. ಆಗ ಕಣ ಅಂಗೈಯಷ್ಟಿತ್ತು. ಎರಡು ಸಾವಿರನೇ ಇಸವಿಯ ಆಚೀಚೆ ಕಾಫಿ ದರ ನೆಲ ಕಚ್ಚಿದಾಗ, ಒಳ್ಳೆಯ ಮಾಲು ಮಾಡಿ ಹೊರದೇಶಕ್ಕೆ ನೇರ ಮಾರಬೇಕೆಂದು ಅಮ್ಮೋರು ಹಟ ಹಿಡಿದರು. ಕಣ ದೊಡ್ಡದಾಗಬೇಕಿತ್ತು. ಅದು ದೊಡ್ಡದಾಗಲು ಇದ್ದದ್ದು ಒಂದೇ ದಿಕ್ಕು, ಆ ದಿಕ್ಕಿನ ನಟ್ಟನಡುವೆ ಕೆಂಚಮ್ಮ.

ದಿನಾ ಸಂಜೆ ಅಮ್ಮೋರು ಅವಳ ಮೆಟ್ಟಿಲ ಹತ್ತಿರ ಹೋಗಿ ನಿಲ್ಲುವರು.

"ಕೊಡ್ತೀಯೋ ಇಲ್ವೋ ಕೆಂಚಮ್ಮ?"

"ಇಲ್ಲ ಅಮ್ಮೋರೆ."

"ಲೈನ್ ಪಕ್ಕ ಹೊಸ ಮನೆ ಕಟ್ಟಿಸಿ ಕೊಡ್ತೀನಿ. ಹೆಂಚು, ಸಿಮೆಂಟ್ ನೆಲ, ಕಕ್ಕಸು."

"ಕಕ್ಕಸು ಯಾಕೆ? ನಾನು ತೋಟಕ್ಕೆ ಹೋದ್ರೆ ನಿಮ್ಮ ಗಿಡಕ್ಕೇ ಒಳ್ಳೇದು."

"ನಿನ್ನ ಕೋಳಿ ನನ್ನ ಪಾರ್ಚ್‌ಮೆಂಟ್ ಕೆದರ್ತದೆ."

"ಕೋಳಿಗೆ ನಿಮ್ಮ ಡಿಗ್ರಿ ಥರ ಓದು ಬರಲ್ವಲ್ಲ. ಗಡಿ ಎಲ್ಲಿ ಅಂತ ಅದಕ್ಕೆಂತ ಗೊತ್ತು?"

ಇಲ್ಲ ಅನ್ನಿಸಿಕೊಂಡ ಮೇಲೂ ಅಮ್ಮೋರು ಹೊರಡುತ್ತಿರಲಿಲ್ಲ. ಮಳೆ, ಮಂಡಿನೋವು, ಯಾರ ಮನೆಯ ಬಾಣಂತನ ಎಂದು ಕೀಲಿಗೊಂಚಲು ತಿರುಗಿಸುತ್ತ ಮಾತು ಬೆಳೆಸಿ, ಕೊನೆಗೆ ಇನ್ನೊಮ್ಮೆ "ಕೊಡಲ್ವಾ?" ಎಂದು ಕೇಳಿ ಹೋಗುವರು.

ಕೇಳಿ ಕೇಳಿ ಬೇಸತ್ತು ಕಡೆಗೆ ಬೇರೆ ದಾರಿ ಹಿಡಿದರು. ಮನೆಯ ಮೂರು ಕಡೆಗೂ ಕಣ ಹಾಕಿಸಿದರು. "ಮೂರು ಕಡೆ ಕಾಂಕ್ರೀಟ್ ಬಿದ್ರೆ ನಾಲ್ಕನೇ ಕಡೆ ತಾನಾಗೇ ಬಾಯಿ ಬಿಡ್ತದೆ" ಅಂದರು. ಕಾಲು ತೊಳೆಯುವ ಹೊಸ ತೊಟ್ಟಿಯನ್ನು ಬೇಕೆಂದೇ ಕೆಂಚಮ್ಮನ ಮೆಟ್ಟಿಲ ಎದುರಿಗೇ ಕಟ್ಟಿಸಿದರು. ಆಳುಗಳೆಲ್ಲ ತೊಳೆದ ಕೆಸರು ನೀರು ಅವಳ ಬಾಗಿಲ ಮುಂದೆ ಹರಿಯತೊಡಗಿತು. ಉಳಿದದ್ದು ನಾಲ್ಕನೇ ಕಡೆ, ಅವಳು ಓಡಾಡುವ ದಾರಿ. ಅದಕ್ಕೆ ಬೇಕಾದ ಸಿಮೆಂಟು ಗೋಡೌನಿಗೆ ಬಂದು ಬಿದ್ದಿತ್ತು. ನಾನು ಒಮ್ಮೆ ಬಾಯಿ ತೆರೆದೆ. "ಅಮ್ಮೋರೆ, ದೊಡ್ಡವ್ವ ಎಲ್ಲಿ ಓಡಾಡ್ತಾಳೆ?" "ಓಡಾಡೋದು ಬೇಡ ಅಂತ್ಲೇ ಹಾಕೋದು. ನಿನ್ನ ಡಿಗ್ರಿ ಲೆಕ್ಕದ ಪುಸ್ತಕದಲ್ಲಿರ್ಲಿ" ಅಂದರು.

ಆ ಹೊತ್ತಿಗೇ ಟರ್ಕಿಯ ಪ್ರಯಾಣ ಬಂತು. ಇಸ್ತಾಂಬುಲಿನಲ್ಲಿ ಕಾಫಿ ಮೇಳವೊಂದಿತ್ತು. ಬೆಳೆಗಾರರು ಕೆಲವರು ಒಟ್ಟಾಗಿ ಹೊರಟಿದ್ದರು. ಅಮ್ಮೋರು ಇಂಗ್ಲಿಷಿಗೆ ಮತ್ತು ಸ್ಯಾಂಪಲ್ ಡಬ್ಬಿ ಹೊರಲು ನನ್ನನ್ನು ಕರೆದುಕೊಂಡರು. ಲೈನಿನ ಜನ ನನ್ನ ಪಾಸ್‌ಪೋರ್ಟನ್ನು ಮದುವೆ ಆಲ್ಬಮ್ಮಿನ ಹಾಗೆ ಕೈಯಿಂದ ಕೈಗೆ ದಾಟಿಸಿ ನೋಡಿದರು. ಹೊರಡುವ ದಿನ ಜೀಪು ಹತ್ತುತ್ತ ಅಮ್ಮೋರು ಮೇಸ್ತ್ರಿಗೆ ಹೇಳಿದ್ದು ಇಷ್ಟೇ: "ನಾನು ಬಂದ ಮಾರನೇ ದಿನ ನಾಲ್ಕನೇ ಕಡೆ ಶುರು."

ಮೇಳದಲ್ಲಿ ಬುರ್ಸಾ ಎಂಬ ಊರಿನ ಕಾಫಿ ಹುರಿಯುವವನೊಬ್ಬ ನಮ್ಮ ಬೀಜ ಮೂಸಿ ನೋಡಿ, ತನ್ನೂರಿಗೆ ಬನ್ನಿ ಅಂದ. ಇಸ್ತಾಂಬುಲಿನಿಂದ ಸಮುದ್ರ ದಾಟಿ ಹೋದೆವು. ಗುಡ್ಡದ ಬುಡದ ಹಳೆಯ ಊರು. ಆಟೊಮನ್ ಸುಲ್ತಾನರು ಇಸ್ತಾಂಬುಲಿಗೆ ಹೋಗುವ ಮೊದಲು ಅವರ ರಾಜಧಾನಿಯಾಗಿದ್ದದ್ದು. ಹೋದರೆ ಆ ಮನುಷ್ಯ "ನಾಳೆ" ಅಂದ. ಮಾರನೇ ದಿನ ಮತ್ತೆ "ನಾಳೆ" ಅಂದ. ಅಮ್ಮೋರು ಹೋಟೆಲಿನ ಮೆಟ್ಟಿಲು ಹತ್ತಿ ಇಳಿದು ಹತ್ತಿ, ಕೊನೆಗೆ, "ಇಲ್ಲಿ ನೋಡೋದು ಎಂತ ಉಂಟು, ಕೇಳು" ಅಂದರು. ಹೋಟೆಲಿನವರು ವಯಸ್ಸಾದ ಗೈಡೊಬ್ಬರನ್ನು ಕರೆಸಿದರು. ಅವರ ಇಂಗ್ಲಿಷೂ ನನ್ನದರ ಹಾಗೆ ಒಂದೊಂದೇ ಮಾತು ಜೋಡಿಸಿಕೊಂಡು ಬರುವಂಥದ್ದು. ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಅರ್ಥವಾಯಿತು.

ಮೊದಲು ಹಸಿರು ಮಸೀದಿ. ಅಮ್ಮೋರು ಸೆರಗನ್ನು ತಲೆಗೆಳೆದುಕೊಂಡು, ಕ್ಯಾನ್ವಾಸ್ ಶೂ ಬಿಟ್ಟು, "ಇದನ್ನ ಯಾರಾದ್ರೂ ಹೊತ್ಕೊಂಡು ಹೋಗ್ತಾರಾ?" ಎಂದು ಮೂರು ಸಲ ತಿರುಗಿ ನೋಡಿ ಒಳಬಂದರು. ಗೋಡೆಯ ಕೆಳಭಾಗವೆಲ್ಲ ಕಡುಹಸಿರು ಟೈಲ್ಸು. ಒಳಗಿನ ಮಬ್ಬು ಬೆಳಕಿಗೆ ಅದು ಒದ್ದೆಯಾಗಿದ್ದ ಹಾಗೆ ಕಾಣುತ್ತಿತ್ತು. ಅಮ್ಮೋರು ನೇರ ಹೋಗಿ ಉಗುರಿನಲ್ಲಿ ಕೆರೆದರು. ಕಾವಲಿನವನು ಓಡಿ ಬಂದ.

"ಪಾಚಿ ಅಂದ್ಕೊಂಡೆ ಮಾರಾಯ. ಬಣ್ಣ ಇದು!"

ಗೋಡೆ ಹಸಿರಾದರೆ ಸುಣ್ಣ ಹೊಡೆಸಬೇಕು ಎಂದು ಬದುಕಿದವರು ಬೇರೇನು ಅಂದುಕೊಳ್ಳಬೇಕು? ನಾನು ಕಾವಲಿನವನಿಗೆ ನಮ್ಮೂರಿನ ಮಳೆಯನ್ನು ವಿವರಿಸಬೇಕಾಯಿತು. ಅವನಿಗೆ ತಿಳಿಯಿತೋ ಇಲ್ಲವೋ, ನಕ್ಕ. ಅಮ್ಮೋರು ಅಷ್ಟರಲ್ಲಿ ಗುಮ್ಮಟದ ಕೆಳಗೆ ಕತ್ತೆತ್ತಿ ನಿಂತಿದ್ದರು. "ಸೋರಲ್ವಾ, ಕೇಳು." ಮೇಲೆ ಸೀಸದ ತಗಡು ಹೊದಿಸುತ್ತಾರೆ ಎಂದು ಗೈಡು ಹೇಳಿದ ಮೇಲೆಯೇ ಅವರಿಗೆ ಸಮಾಧಾನವಾಗಿದ್ದು.

ಆಮೇಲೆ ರೇಷ್ಮೆ ಗೂಡಿನ ಹಳೆಯ ಪೇಟೆ. ನಾಲ್ಕು ಸುತ್ತಲೂ ಅಂಗಡಿ, ನಡುವೆ ದೊಡ್ಡ ಅಂಗಳ. ಹಿಂದೆ ಅಲ್ಲಿ ಗೂಡು ಸುರಿದು ಮಾರುತ್ತಿದ್ದರಂತೆ. ಅಂಗಳದ ಮಧ್ಯದಲ್ಲಿ ಕಂಬಗಳ ಮೇಲೆ ಒಂದು ಪುಟ್ಟ ಮಸೀದಿ, ಕೆಳಗೆ ಕಾರಂಜಿ. ಗೈಡು ಚಹಾ ತರಿಸಿದರು. ಅಮ್ಮೋರು ಲೋಟ ಹಿಡಿದುಕೊಂಡು ಅಂಗಳವನ್ನು ಅಳೆಯುತ್ತ ನಡೆದರು. "ಇಷ್ಟು ಒಳ್ಳೆ ಕಣದ ನಡುವೆ ಗುಡಿ ಯಾಕೆ ಕಟ್ಟಿದ್ರು? ಎಷ್ಟು ಜಾಗ ಹಾಳು!" ಅಂದರು. ನಾನು ಅನುವಾದಿಸಲಿಲ್ಲ.

ಪಕ್ಕದಲ್ಲೇ ಊರಿನ ದೊಡ್ಡ ಮಸೀದಿ. ಸುಲ್ತಾನನೊಬ್ಬ ಯುದ್ಧ ಗೆದ್ದರೆ ಇಪ್ಪತ್ತು ಮಸೀದಿ ಕಟ್ಟಿಸುತ್ತೇನೆಂದು ಹರಕೆ ಹೊತ್ತು, ಗೆದ್ದ ಮೇಲೆ ಇಪ್ಪತ್ತು ಗುಮ್ಮಟದ ಒಂದೇ ಮಸೀದಿ ಕಟ್ಟಿಸಿದನೆಂದು ಗೈಡು ಹೇಳಿದರು. ಅಮ್ಮೋರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಕೋಣ ಅಂತ ಹರಕೆ ಹೊತ್ತು ಕುಂಬಳಕಾಯಿ ಒಡೆದ ಹಾಗಾಯ್ತು. ಹೊರನಾಡಿನ ಅಮ್ಮನಿಗೆ ನಾನು ಹೇಳಿಕೊಂಡದ್ದೂ ಎಷ್ಟೋ ಬಾಕಿ ಉಂಟು, ಇವನು ಒಳ್ಳೆ ದಾರಿ ತೋರಿಸಿದ."

ಒಳಗೆ ದಪ್ಪ ಕಂಬಗಳು, ಬಿಳಿ ಗೋಡೆಯ ಮೇಲೆ ಆಳೆತ್ತರದ ಕಪ್ಪು ಅಕ್ಷರಗಳು, ಕಾಲು ಹೂತುಹೋಗುವ ಜಮಖಾನೆ. ನಡುವೆ ಒಂದು ಗುಮ್ಮಟಕ್ಕೆ ಮಾತ್ರ ಗಾಜು. ಅದರ ಬೆಳಕು ಬೀಳುವಲ್ಲಿ ಅಮೃತಶಿಲೆಯ ಕಾರಂಜಿ. ಮಸೀದಿಯ ಹೊರಗಿರಬೇಕಾದ ನೀರು ಇಲ್ಲಿ ಒಳಗೇ ಇತ್ತು. ಗಂಡಸರು ಸುತ್ತ ಕೂತು, ಪ್ಯಾಂಟು ಮಡಚಿ, ಮೊಣಕೈ, ಪಾದ ತೊಳೆಯುತ್ತಿದ್ದರು. ಅಮ್ಮೋರ ಮುಖ ಅರಳಿತು.

"ನೋಡು ಡಿಗ್ರಿ! ಯಾರೂ ಬೈಯೋರಿಲ್ಲ, ಆದ್ರೂ ಹೆಂಗೆ ಬೆರಳ ಸಂದಿ ತೊಳೀತಾರೆ. ನಮ್ಮ ಆಳುಗಳನ್ನ ತಂದು ತೋರಿಸ್ಬೇಕು."

ಗೈಡು ಆಗ ಆ ಕಾರಂಜಿಯ ಕತೆ ಹೇಳಿದರು. ನಾನು ಒಂದೊಂದೇ ವಾಕ್ಯವಾಗಿ ಕನ್ನಡಕ್ಕೆ ತಂದೆ. ಮಸೀದಿ ಕಟ್ಟುವಾಗ ಈ ಜಾಗದಲ್ಲಿ ಒಬ್ಬ ಮುದುಕಿಯ ಮನೆಯಿತ್ತಂತೆ. ಸುತ್ತಲಿನವರೆಲ್ಲ ಜಾಗ ಕೊಟ್ಟರೂ ಅವಳು ಮಾತ್ರ ಕೊಡುವುದಿಲ್ಲ ಅಂದಳಂತೆ. ಕಡೆಗೆ ಜಾಗವೇನೋ ಮಸೀದಿಗೆ ಬಂತು, ಆದರೆ ಅವಳು ಮನಸ್ಸಿನಿಂದ ಕೊಟ್ಟದ್ದಲ್ಲ. ಒಪ್ಪಿ ಕೊಡದ ನೆಲದ ಮೇಲೆ ನಮಾಜು ಸಲ್ಲದು. ಅದಕ್ಕೇ ಅಷ್ಟು ಜಾಗದಲ್ಲಿ ನೀರು ನಿಲ್ಲಿಸಿದರು.

ಅಮ್ಮೋರ ಕೀಲಿಗೊಂಚಲು ನಿಂತಿತು.

"ನೀನು ಸೇರಿಸಿದ್ದೋ, ಅವ್ರು ಹೇಳಿದ್ದೋ?"

"ಅವ್ರು ಹೇಳಿದ್ದೇ, ಅಮ್ಮೋರೆ."

"ಕೆಂಚಮ್ಮ ಹೇಳಿ ಕಳಿಸಿದ್ಲಾ?"

"ದೇವ್ರಾಣೆ ಇಲ್ಲ."

"ಮೂರು ಕಡೆ ಜಾಗ ಬಂತು, ಮಧ್ಯದಲ್ಲಿ ಮುದುಕಿ. ಇದು ಟರ್ಕಿ ಕತೆಯಾ? ನಮ್ಮ ಕಣದ ಕತೆ ಇದು. ಡಿಗ್ರಿ ಮಾಡಿದ್ದು ಇದಕ್ಕಾ ನೀನು?"

ಹೇಳಿ, ಕಾರಂಜಿಯ ಸುತ್ತ ನಡೆಯತೊಡಗಿದರು. ಒಂದು ಸುತ್ತು, ಇನ್ನೊಂದು ಸುತ್ತು. ಗೈಡು ಮೆಲ್ಲಗೆ ನನ್ನನ್ನು ಕೇಳಿದರು, ಇದು ನಿಮ್ಮ ಧರ್ಮದ ಆಚರಣೆಯೇ ಎಂದು. ಪ್ರದಕ್ಷಿಣೆಯಲ್ಲ ಅದು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹೆಜ್ಜೆ ಇಡುತ್ತಿದ್ದರು. ತೋಟದಲ್ಲಿ ಗುಂಡಿ ಗುರುತು ಮಾಡಿಸುವಾಗ ಅವರು ಅಳೆಯುವುದು ಹಾಗೆಯೇ. ಮುಗಿಸಿ ಬಂದು, "ನಮ್ಮ ಕೆಂಚಮ್ಮನದಕ್ಕಿಂತ ಚಿಕ್ಕದು" ಅಂದರು. ಗೈಡಿನ ಕಡೆ ತಿರುಗಿ, "ಹಂಗಾದ್ರೆ ಆ ಮುದುಕಿಗೆ ಎಂತ ಸಿಕ್ತು, ಕೇಳು."

ಕೇಳಿದೆ. ಅವಳ ಜಾಗಕ್ಕೆ ಗೌರವ ಸಿಕ್ಕಿತು ಅಂದರು ಗೈಡು. ನೀರೆಂದರೆ ಪವಿತ್ರ.

"ಜಾಗ ಹೋಯ್ತು. ಅದ್ರ ಮೇಲೆ ಊರೋರೆಲ್ಲ ಕಾಲು ತೊಳೀತಾರೆ. ಇದು ಗೌರವ ಅಂತ ಮುದುಕಿ ಹೇಳಿದ್ಲಾ? ಕೇಳು."

ಗೈಡು ಕಾಲು ತೊಳೆಯುತ್ತಿದ್ದವರ ಕಡೆ ನೋಡಿ, ಮತ್ತೆ ಅಮ್ಮೋರ ಕಡೆ ನೋಡಿದರು. ಇಷ್ಟು ವರ್ಷದಲ್ಲಿ ಹಾಗೆ ಯಾರೂ ಕೇಳಿರಲಿಲ್ಲವೇನೋ.

ಮಾರನೇ ದಿನ ಬೆಳಿಗ್ಗೆ ಅಮ್ಮೋರು ನನ್ನನ್ನು ಮತ್ತೆ ಅಲ್ಲಿಗೇ ಎಳೆದುಕೊಂಡು ಹೋದರು. ಬೇರೆ ಗುಂಪಿನ ಜೊತೆ ಬಂದಿದ್ದ ಇನ್ನೊಬ್ಬ ಗೈಡನ್ನು ಹಿಡಿದು ಕೇಳಿಸಿದರು, ನಾನು ನನ್ನದೇನೂ ಸೇರಿಸದ ಹಾಗೆ ನನ್ನ ತುಟಿಯನ್ನೇ ನೋಡುತ್ತ. ಆ ಹುಡುಗಿ ಅದೇ ಕತೆ ಹೇಳಿ, ಕೊನೆಗೆ, "ಇದು ಜನ ಹೇಳುವ ಕತೆ, ದಾಖಲೆ ಏನೂ ಇಲ್ಲ" ಅಂತಲೂ ಸೇರಿಸಿದಳು. ಅದನ್ನೂ ಹೇಳಿದೆ. ಅಮ್ಮೋರು ಹಗುರಾಗುತ್ತಾರೆ ಅಂದುಕೊಂಡಿದ್ದೆ.

"ಕತೆ ಸುಳ್ಳಿರ್ಬಹುದು. ನೀರು ಮಧ್ಯದಲ್ಲಿರೋದು ಸುಳ್ಳಲ್ವಲ್ಲ" ಅಂದರು.

ಕಾಫಿ ಹುರಿಯುವವನು ಕಡೆಗೂ ಸಿಕ್ಕಿದ. ನಮ್ಮ ಕಾಫಿಯನ್ನು ಹೊಗಳಿ, ಚಿಕ್ಕಮಗಳೂರಿನ ದರಕ್ಕಿಂತ ಕಡಿಮೆ ಕೇಳಿದ. ಬೇರೆ ಹೊತ್ತಾಗಿದ್ದರೆ ಅಮ್ಮೋರು ಅವನ ಮೇಜು ಗುದ್ದುತ್ತಿದ್ದರು. ಅವತ್ತು ಕಿಟಕಿಯಿಂದ ಗುಮ್ಮಟಗಳನ್ನು ನೋಡುತ್ತ, "ಆಗಲ್ಲ ಅಂತ ಹೇಳು" ಎಂದಷ್ಟೇ ಅಂದರು.

ವಾಪಸು ಇಸ್ತಾಂಬುಲಿನಲ್ಲಿ ಉಳಿದ ಬೆಳೆಗಾರರ ಜೊತೆ ಬಸ್ಸಿನಲ್ಲಿ ಊರು ಸುತ್ತಿದೆವು. ಆಕಾಶಕ್ಕೆ ಬೋರಲು ಹಾಕಿದ ಕಡಾಯಿಯಂಥ ಗುಮ್ಮಟಗಳು, ನೀಲಿ ಟೈಲ್ಸಿನ ಮಸೀದಿ, ಮೊದಲು ಚರ್ಚಾಗಿದ್ದು ಆಮೇಲೆ ಮಸೀದಿಯಾದ ಸಾವಿರದೈನೂರು ವರ್ಷದ ಕಟ್ಟಡ. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಮ್ಮೋರು ಮಾತ್ರ ಪ್ರತಿ ಬಾಗಿಲಲ್ಲಿ ನನ್ನ ತೋಳು ಜಗ್ಗುತ್ತಿದ್ದರು.

"ಇದು ಯಾರ ಜಾಗ, ಕೇಳು. ಒಪ್ಪಿ ಕೊಟ್ರಾ?"

ಮೂರನೇ ಸಲಕ್ಕೆ ಆ ಊರಿನ ಗೈಡು ನಾನು ಬಾಯಿ ತೆರೆಯುವ ಮೊದಲೇ ಕೈಮುಗಿದುಬಿಟ್ಟ. ಜೊತೆಗಿದ್ದ ಯಜಮಾನರೊಬ್ಬರು, "ಏನಮ್ಮಾ, ಇಲ್ಲೂ ತೋಟ ತಗೊಳ್ತೀರಾ?" ಎಂದು ಗೇಲಿ ಮಾಡಿದರು. ಅಮ್ಮೋರು ತಿರುಗಿ ಬೈಯದೆ ಮುಂದಿನ ಬಾಗಿಲ ಕಡೆ ನಡೆದರು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ವಿಮಾನದಲ್ಲೂ ಸಾಲುಗಳ ನಡುವೆ ಓಡಾಡುತ್ತಲೇ ಬಂದರು. ಗಗನಸಖಿಯರು ಎರಡು ಸಲ ಕೂರಿಸಿ ಬೆಲ್ಟು ಹಾಕಿದರು.

ಜೀಪು ಇಳಿದವರು ಮನೆಗೆ ಹೋಗದೆ ನೇರ ಕಣಕ್ಕೆ ಬಂದರು. ಕೆಂಚಮ್ಮನ ಮೆಟ್ಟಿಲ ಎದುರಿನ ತೊಟ್ಟಿಯ ಹತ್ತಿರ ನಿಂತು ಒಂದು ಶೂ ಬಿಚ್ಚಿದರು. ಕಾಲು ನೀರಿಗೆ ಇಡಲಿಲ್ಲ. ಶೂ ಕೈಯಲ್ಲಿ ಹಿಡಿದು, ಒಂದು ಕಾಲು ಬರಿದು ಒಂದು ಕಾಲಿಗೆ ಶೂ ಹಾಗೇ, ಕಣದ ಹೊರಗಿನಿಂದ ಅಷ್ಟು ದೂರ ಸುತ್ತು ಹಾಕಿ, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಬಂದರು. ಆಳುಗಳು ಬೀಜ ಹರಡುವ ಗೋರುಮಣೆ ನಿಲ್ಲಿಸಿ ನೋಡಿದರು.

"ಮೇಸ್ತ್ರಿ, ಈ ತೊಟ್ಟಿ ಒಡೀರಿ."

"ಅಮ್ಮೋರೆ, ಹೋದ ತಿಂಗಳು ಕಟ್ಟಿದ್ದು!"

"ಒಡೀರಿ. ಪಲ್ಪರ್ ಮನೆ ಹತ್ರ ಕಟ್ಟಿ. ಇಲ್ಲಿ ಯಾರೂ ಕಾಲು ತೊಳೀಬಾರ್ದು."

"ನಾಲ್ಕನೇ ಕಡೆ ಸಿಮೆಂಟು?"

"ಅದನ್ನೂ ಆ ಹೊಸ ತೊಟ್ಟಿಗೇ ಹಾಕಿ."

ಆಳುಗಳಿಗೆ ಅಷ್ಟು ದೂರ ನಡೆಯುವ ಕೆಲಸ ಹೆಚ್ಚಾಯಿತು. ಆ ದೇಶದಲ್ಲಿ ಯಾರೋ ಬಾಬಾ ಅಮ್ಮೋರಿಗೆ ಮಂತ್ರಿಸಿ ಕಳಿಸಿದ್ದಾರೆ ಎಂದು ಮಾತಾಡಿಕೊಂಡರು. ಯಾಕೆಂದು ಅವರು ಯಾರಿಗೂ ಹೇಳಲಿಲ್ಲ, ನನಗೂ ಹೇಳಬೇಡವೆಂದು ಕಣ್ಣಿನಲ್ಲೇ ತಿಳಿಸಿದ್ದರು. ಕೆಂಚಮ್ಮನೂ ಕೈಮುಗಿದು ನಿಲ್ಲಲಿಲ್ಲ. "ತೊಟ್ಟಿ ನೀರಿಗೆ ನನ್ನ ಬಸಳೆ ಚೆನ್ನಾಗಿ ಹಬ್ಬಿತ್ತು. ಈಗ ಅದನ್ನೂ ಒಣಗಿಸಿದ್ರು" ಎಂದು ಗೊಣಗಿದಳು.

ಹೀಗೆ ಹೇಳಿದೆನೆಂದು ಅವರು ಅವತ್ತಿನಿಂದ ಸಾಧುವಾದರು ಅಂದುಕೊಳ್ಳಬೇಡಿ. ತಡವಾಗಿ ಬಂದವರಿಗೆ ಅರ್ಧ ದಿನದ ಹಾಜರಿ ಕತ್ತರಿಸುವುದು ನಿಲ್ಲಲಿಲ್ಲ. ಬೈಗುಳ ಕಡಿಮೆಯಾಗಲಿಲ್ಲ. ಕೋಳಿಗಳ ಮೇಲಿನ ಯುದ್ಧವಂತೂ ಜೋರಾಯಿತು. ನಿಂತದ್ದು ಒಂದೇ: ಸಂಜೆ ಆ ಮೆಟ್ಟಿಲ ಹತ್ತಿರ ಹೋಗುವುದು. "ಕೊಡ್ತೀಯಾ" ಎಂಬ ಮಾತು ಅವರ ಬಾಯಿಯಿಂದ ಮತ್ತೆ ಬರಲಿಲ್ಲ. ಕಣದ ಆ ತುದಿಯಲ್ಲಿ ನಿಂತು ಗೊಂಚಲು ತಿರುಗಿಸುವರು, ಎರಡು ಹೆಜ್ಜೆ ಮುಂದೆ ಬರುವರು, ತಿರುಗಿ ಹೋಗುವರು. ಕಣದ ನಡುವೆ ಮನೆ, ಮನೆಯ ಸುತ್ತ ಪಾರ್ಚ್‌ಮೆಂಟ್. ದಾರಿಹೋಕರು ಜೀಪು ನಿಲ್ಲಿಸಿ ನಗುತ್ತಿದ್ದರು. ಹೀಗೇ ವರ್ಷಗಳು ಹೋದವು.

ಈಗ ತೋಟ ಅವರ ಮೈದುನನ ಮಗನ ಕೈಗೆ ಬಂದಿದೆ. ತಿಥಿ ಮುಗಿದ ಮಾರನೇ ದಿನವೇ ಈ ಹೊಸ ಯಜಮಾನರು ನನ್ನನ್ನು ಕರೆದು, "ನೀವು ಕೆಂಚಮ್ಮನ ಪೈಕಿಯವ್ರಲ್ವಾ, ಆ ಮನೆ ಒಂದು ಕೇಳಿ ನೋಡಿ" ಅಂದರು. ಒಳ್ಳೆಯ ಮಾತಿನಲ್ಲೇ ಅಂದರು. ಹೋದೆ. ಪಲ್ಪರ್ ಮನೆಯ ಹತ್ತಿರ ಕಾಲು ತೊಳೆದು, ಕಣ ದಾಟಿ, ಮೆಟ್ಟಿಲ ಹತ್ತಿರ ನಿಂತೆ. ಕೆಂಚಮ್ಮನ ಕಣ್ಣು ಮಂಜಾಗಿದೆ, ಹೆಜ್ಜೆಯಲ್ಲೇ ಗುರುತು ಹಿಡಿದಳು.

"ಕೇಳಕ್ಕೆ ಬಂದ್ಯಾ ಮಗ?"

"ಹೂಂ ದೊಡ್ಡವ್ವ."

"ಅಮ್ಮೋರು ಪ್ಲೇನ್ ಹತ್ತಿ ಹೋಗಿದ್ರಲ್ಲ, ಆಗ ನಾನು ಮನಸ್ಸು ಮಾಡಿದ್ದೆ. ಎಷ್ಟು ಅಂತ ಕೇಳ್ತಾರೆ ಪಾಪ, ಬಂದು ಇನ್ನೊಂದು ಸಲ ಕೇಳ್ಲಿ, ಹೂಂ ಅನ್ನೋಣ ಅಂತ. ಬಂದ್ರು. ತೊಟ್ಟಿ ಒಡೆಸಿದ್ರು. ಕೇಳ್ಲೇ ಇಲ್ಲ."

"ನೀನೇ ಹೇಳ್ಬಹುದಿತ್ತಲ್ಲ?"

"ಕೇಳದೆ ಇದ್ದೋರಿಗೆ ತಗೊಳ್ಳಿ ಅಂತ ಹೇಳ್ಕೊಂಡು ಹೋಗಕ್ಕೆ ನಂಗೆ ಮರ್ಯಾದೆ ಇಲ್ವಾ? ದಿನಾ ಸಂಜೆ ಕಾದೆ. ಅಲ್ಲಿ ನಿಲ್ಲೋರು. ಕೀಲಿ ಸದ್ದು ಕೇಳ್ತಿತ್ತು. ಹೋಗ್ಬಿಡೋರು."

ಅವತ್ತು ನಾನು ಅವಳಿಗೆ ಬುರ್ಸಾದ ಮುದುಕಿಯ ಕತೆ ಹೇಳಿದೆ. ಗುಮ್ಮಟ, ಗಾಜು, ನೀರು, ಅಮ್ಮೋರು ಹೆಜ್ಜೆ ಅಳೆದದ್ದು, ಎಲ್ಲ. ಅವಳು ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳಿದಳು. ಮತ್ತೆ ಕುಟ್ಟತೊಡಗಿ, "ಆ ಮುದುಕಿನೂ ಇನ್ನೊಂದ್ಸಲ ಕೇಳ್ಲಿ ಅಂತ ಕೂತಿದ್ಲೋ ಏನೋ, ಯಾರಿಗೆ ಗೊತ್ತು" ಅಂದಳು.

"ಈಗಿನೋರಿಗೆ ಎಂತ ಹೇಳ್ಲಿ?"

"ಕೊಡಲ್ಲ ಅಂತ ಹೇಳು. ಅವ್ರಿಗೆ ಅಂತ ಇಟ್ಟಿದ್ದು ಇವ್ರಿಗೆ ಯಾಕೆ ಕೊಡ್ಲಿ?"

ನಾನು ಮೆಟ್ಟಿಲಿಂದ ತಿರುಗುವಷ್ಟರಲ್ಲಿ ಅವಳ ಕೋಳಿಗಳು ಕಣಕ್ಕೆ ಇಳಿದು ಪಾರ್ಚ್‌ಮೆಂಟ್ ಕೆದರತೊಡಗಿದ್ದವು. ಓಡಿಸಲು ಯಾರೂ ಇರಲಿಲ್ಲ. ಕೆಂಚಮ್ಮ ಗೋಡೆ ಹಿಡಿದುಕೊಂಡು ಎದ್ದಳು. ಕೋಲು ಬೀಸಿ, ಅಷ್ಟು ದೊಡ್ಡ ಕಣ ಪೂರ್ತಿ ಕೇಳುವ ಹಾಗೆ ಕೂಗಿದಳು:

"ಎಕ್ಸ್‌ಪೋರ್ಟ್ ಮಾಲು ಅದು! ಮಾನ ಇಲ್ವಾ ನಿಮ್ಗೆ!"